ದಾರಿ ಕೇಳುವುದು ಯಾರನ್ನು?

2025ರ ಫೆಬ್ರವರಿ 23, ಭಾನುವಾರ. ಧಾರವಾಡದಿಂದ ಅಕ್ಕನ ಮಗಳ ಫೋನ್ ಬಂತು. ಮಾರ್ಚ್ 3ಕ್ಕೆ ಹಿಂಜವಡಿಯ ಒಂದು ಕಂಪನಿಯಲ್ಲಿ ಅವಳಿಗೆ ಇಂಟರ್‌ವ್ಯೂ. ಪುಣೆಗೆ ಒಬ್ಬಳೇ ಬರುತ್ತಿರುವುದು ಅದೇ ಮೊದಲು. ನಾನು ಕೊಂಢವಾದಲ್ಲಿ ಹದಿನಾಲ್ಕು ವರ್ಷದಿಂದ ಇರುವವಳು. ಆ ಹಿರಿತನದ ಮೇಲೆ ಒಂದು ಪಟ್ಟಿ ಒಪ್ಪಿಸಿದೆ. ರಾತ್ರಿ ಬಸ್ಸು ಬೇಡ, ಹತ್ತಲೇಬೇಕಾದರೆ ಮುಂದಿನ ಸೀಟು ಹಿಡಿ. ಫೋನಿಗೆ ಚಾರ್ಜ್ ಇರಲಿ. ಬಂಗಾರ ಹಾಕಿಕೊಳ್ಳಬೇಡ. ಯಾರಾದರೂ ತಿನ್ನಲು ಕೊಟ್ಟರೆ ತಿನ್ನಬೇಡ. ಯಾರ ಜೊತೆಯೂ ಮಾತಾಡಬೇಡ. ಎಲ್ಲ ಮುಗಿದ ಮೇಲೆ ಇನ್ನೊಂದು ಸೇರಿಸಿದೆ: "ಸ್ವಾರ್ಗೇಟಿನಾಗ ಇಳದ ಮ್ಯಾಲೆ ಫೋನಿನಾಗ ಕನ್ನಡ ಜೋರಾಗಿ ಮಾತಾಡಬ್ಯಾಡ."

ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಮೌಶಿ, ಯಾರ ಜೋಡಿನೂ ಮಾತಾಡಬ್ಯಾಡ ಅಂತೀ. ಮತ್ತ ದಾರಿ ಯಾರನ್ನ ಕೇಳ್ಲಿ?" ಅಂದಳು.

ನಕ್ಕು ಮಾತು ಹಾರಿಸಿದೆ. ಆದರೆ ನನ್ನಲ್ಲಿ ಉತ್ತರ ಇರಲಿಲ್ಲ. ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಕನ್ನಡ ಮಾತಾಡಬೇಡ ಅಂದದ್ದಕ್ಕೆ ಆಗ ಕಾರಣವಿತ್ತು. ಅದಕ್ಕೆ ಎರಡು ದಿನ ಮುಂಚೆ, ಫೆಬ್ರವರಿ 21ರಂದು, ಬೆಳಗಾವಿ ತಾಲ್ಲೂಕಿನ ಬಾಳೇಕುಂದ್ರಿ ಹತ್ತಿರ ಮರಾಠಿಯಲ್ಲಿ ಉತ್ತರ ಕೊಡಲಿಲ್ಲವೆಂದು ನಮ್ಮ ಸಾರಿಗೆ ಸಂಸ್ಥೆಯ ಕಂಡಕ್ಟರ್ ಒಬ್ಬರನ್ನು ಹೊಡೆದಿದ್ದರು. ಅದಕ್ಕೆ ಉತ್ತರವಾಗಿ ಚಿತ್ರದುರ್ಗದ ಹತ್ತಿರ ಮಹಾರಾಷ್ಟ್ರದ ಬಸ್ಸು ತಡೆದು ಚಾಲಕನ ಮುಖಕ್ಕೆ ಮಸಿ ಬಳಿದರು. ಎರಡೂ ಕಡೆಯ ಸರ್ಕಾರಿ ಬಸ್ಸುಗಳು ಗಡಿ ದಾಟುವುದು ನಿಂತಿತು. ಪುಣೆಯಲ್ಲಿ ಕರ್ನಾಟಕದ ನಂಬರಿನ ಬಸ್ಸುಗಳ ಮೇಲೆ ಕಪ್ಪು ಬಣ್ಣ ಬಿತ್ತು. 2022ರ ಡಿಸೆಂಬರಿನಲ್ಲೂ ಸ್ವಾರ್ಗೇಟಿನ ಬಳಿ ಇದೇ ಆಗಿತ್ತು. ಇಲ್ಲಿರುವ ಕನ್ನಡದವರಿಗೆ ಇದು ಮಳೆಗಾಲದ ಹಾಗೆ, ಬರುತ್ತದೆ, ಹೋಗುತ್ತದೆ. ಬಂದಾಗ ನಾಲ್ಕು ದಿನ ದನಿ ತಗ್ಗಿಸುತ್ತೇವೆ.

ಫೆಬ್ರವರಿ 26, ಶಿವರಾತ್ರಿಯ ದಿನ, ಟಿವಿಯಲ್ಲಿ ಸ್ವಾರ್ಗೇಟ್ ಮತ್ತೆ ಕಾಣಿಸಿತು. ಈ ಸಲ ಸುದ್ದಿ ಭಾಷೆಯದಲ್ಲ.

*

ನಡೆದದ್ದು ನಿಮಗೆ ನೆನಪಿರಬಹುದು. 25ರ ಬೆಳಗ್ಗೆ, ಇನ್ನೂ ಬೆಳಕು ಹರಿದಿರಲಿಲ್ಲ. 26 ವರ್ಷದ ಹೆಣ್ಣುಮಗಳು ಫಲಟಣಕ್ಕೆ ಹೋಗುವ ಬಸ್ಸಿಗೆ ಸ್ವಾರ್ಗೇಟ್ ನಿಲ್ದಾಣದಲ್ಲಿ ಕಾಯುತ್ತಿದ್ದಳು. ಒಬ್ಬ ಬಂದು, "ತಾಈ, ಎಲ್ಲಿಗೆ ಹೋಗಬೇಕು?" ಎಂದು ಕೇಳಿದ. ಫಲಟಣದ ಬಸ್ಸು ಇಲ್ಲಿ ಬರುವುದಿಲ್ಲ, ಆ ಕಡೆ ನಿಂತಿದೆ ಅಂದ. ಅವಳು ಇಲ್ಲೇ ಬರುತ್ತದೆ ಅಂದರೂ ಅವನು ಬಿಡಲಿಲ್ಲ. ದೀಪವಿಲ್ಲದೆ ನಿಂತಿದ್ದ ಶಿವಶಾಹಿ ಬಸ್ಸಿನತ್ತ ಕರೆದುಕೊಂಡು ಹೋದ. ಒಳಗೆ ಕತ್ತಲೆ ಇದೆಯಲ್ಲ ಎಂದು ಅವಳು ತಡೆದಾಗ, ಜನ ಮಲಗಿದ್ದಾರೆ, ಅದಕ್ಕೇ ಲೈಟ್ ಹಾಕಿಲ್ಲ ಅಂದನಂತೆ. ಅವಳು ಹತ್ತಿದ ಮೇಲೆ ಬಾಗಿಲು ಹಾಕಿಕೊಂಡು ಅತ್ಯಾಚಾರ ಮಾಡಿದ ಎಂಬುದು ದೂರು. ಆರೋಪಿ ಮೂರು ದಿನದ ಹುಡುಕಾಟದ ನಂತರ ಶಿರೂರು ತಾಲ್ಲೂಕಿನ ಹಳ್ಳಿಯೊಂದರ ಬಳಿ ಸಿಕ್ಕಿಬಿದ್ದ.

ಸ್ವಾರ್ಗೇಟ್ ಪೊಲೀಸ್ ಠಾಣೆ ಆ ನಿಲ್ದಾಣದಿಂದ ಕೂಗಳತೆಯಲ್ಲಿದೆ. ಆ ಹುಡುಗಿಯಿಂದ ಪ್ರತಿರೋಧ ಕಾಣಲಿಲ್ಲ, ಅದಕ್ಕೇ ಸುತ್ತಲಿನವರಿಗೆ ಗೊತ್ತಾಗಲಿಲ್ಲ ಎಂಬ ಅರ್ಥದ ಮಾತನ್ನು ರಾಜ್ಯದ ಗೃಹ ಖಾತೆಯ ರಾಜ್ಯ ಸಚಿವರು ಆಡಿದರು. ಕೂಗಳತೆಯಲ್ಲಿ ಠಾಣೆ ಇದ್ದೂ ಹೀಗಾಯಿತು ಅಂದರೆ, ತಪ್ಪು ಕೂಗದವಳದ್ದು ಎಂದಾಯಿತು.

ನನ್ನನ್ನು ಕಾಡಿದ್ದು 'ತಾಈ' ಎಂಬ ಆ ಒಂದು ಶಬ್ದ. ಮರಾಠಿಯಲ್ಲಿ ತಾಈ ಅಂದರೆ ಅಕ್ಕ. ನಾನು ಪುಣೆಗೆ ಬಂದ ಹೊಸದರಲ್ಲಿ ತರಕಾರಿಯವನು ತಾಈ ಅಂದಾಗ ನಮ್ಮ ಕಡೆಯ 'ತಾಯಿ' ಎಂದೇ ಕೇಳಿಸಿತ್ತು. ಎರಡೂ ಒಂದೇ ಕೆಲಸ ಮಾಡುತ್ತವೆ. ಅಕ್ಕ, ತಂಗಿ, ತಾಯಿ, ಯವ್ವಾ ಅಂದುಬಿಟ್ಟರೆ ಅಪರಿಚಿತ ಅರ್ಧ ಮನೆಯವನಾಗುತ್ತಾನೆ. ನಮ್ಮ ಬಸ್ ಸ್ಟ್ಯಾಂಡು, ಸಂತೆ, ಜಾತ್ರೆಗಳು ನಡೆಯುವುದೇ ಈ ಸಲುಗೆಯ ಮೇಲೆ. ಆ ಮನುಷ್ಯ ಕೈಗೆತ್ತಿಕೊಂಡದ್ದು ಚಾಕು ಅಲ್ಲ, ಈ ಸಲುಗೆಯನ್ನೇ.

ಶಿವರಾತ್ರಿ ಸಂಜೆ ಅಕ್ಕ ಫೋನ್ ಮಾಡಿ, "ಬ್ಯಾಡವಾ, ಕಳಸೂದಿಲ್ಲ. ನೌಕರಿ ಇವತ್ತಿಲ್ಲ ನಾಳೆ ಸಿಗತಾವ" ಅಂದಳು. ಹಿಂದಿನಿಂದ ಮಗಳ ದನಿ ಕೇಳಿಸುತ್ತಿತ್ತು, ಅಳುತ್ತಿದ್ದಳೋ ಜಗಳವಾಡುತ್ತಿದ್ದಳೋ ತಿಳಿಯಲಿಲ್ಲ. ಆ ಒಂದು ವಾರದಲ್ಲಿ ನಮ್ಮ ಅಕ್ಕನ ಹಾಗೆ ಎಷ್ಟು ಮನೆಗಳಲ್ಲಿ ಎಷ್ಟು ತಾಯಂದಿರು 'ಬ್ಯಾಡ' ಅಂದಿರಬೇಕು! ಅದನ್ನು ಯಾವ ಠಾಣೆಯೂ ದಾಖಲಿಸುವುದಿಲ್ಲ. ಒಬ್ಬ ಮಾಡಿದ ಅಪರಾಧಕ್ಕೆ ಸಾವಿರ ಹುಡುಗಿಯರ ಟಿಕೆಟ್ ಕ್ಯಾನ್ಸಲ್ ಆಗುತ್ತದೆ.

*

ಈಗ ಅವಳ ಪ್ರಶ್ನೆಗೆ ಬರೋಣ.

ಅಪರಿಚಿತರನ್ನು ನಂಬಬೇಡ ಎಂಬ ಸಲಹೆ ಪ್ರಯಾಣದಷ್ಟೇ ಹಳೆಯದು. ಸ್ವಾರ್ಗೇಟಿನ ಘಟನೆ ಅದನ್ನೇ ಸಾಬೀತು ಮಾಡಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರಯಾಣ ಎಂದರೇ ಅಪರಿಚಿತರ ಕೈಗೆ ನಮ್ಮನ್ನು ಒಪ್ಪಿಸುವುದು. ಚಾಲಕ ಅಪರಿಚಿತ, ಕಂಡಕ್ಟರ್ ಅಪರಿಚಿತ, ಪಕ್ಕದ ಬರ್ತಿನವರು ಅಪರಿಚಿತರು. ಯಾರನ್ನೂ ನಂಬದವಳು ಮನೆಯಲ್ಲೇ ಇರಬೇಕು. ಹಾಗಂತ ಮನೆಯೂ ಅಂಥ ಅಭಯದ ಜಾಗವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳನ್ನು ವರ್ಷ ವರ್ಷ ನೋಡಿದರೆ, ಅತ್ಯಾಚಾರದ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಆ ಹೆಣ್ಣಿಗೆ ಮೊದಲೇ ಗೊತ್ತಿದ್ದವನು.

ನನಗೇ ಆದ ಒಂದು ಸಂಗತಿ ಹೇಳುತ್ತೇನೆ. ಎಂಟು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಖಾಸಗಿ ಬಸ್ಸಿನಲ್ಲಿ ಬರುತ್ತಿದ್ದೆ. ಕಾತ್ರಜ್ ಚೌಕಕ್ಕೆ ಬಿಡುತ್ತೇವೆ ಎಂದಿದ್ದವರು ನಸುಕಿನ ನಾಲ್ಕಕ್ಕೆ ಹೈವೇಯ ಪಕ್ಕದಲ್ಲಿ ಇಳಿಸಿ, ಒಳಗೆ ಹೋಗಲು ಟೈಮಿಲ್ಲ ಎಂದು ಹೋಗಿಬಿಟ್ಟರು. ನಾನು, ಒಂದು ಸೂಟ್‌ಕೇಸು, ಅಕ್ಕ ಕಟ್ಟಿಕೊಟ್ಟ ಕಡಕ್ ರೊಟ್ಟಿಯ ಗಂಟು. ಐದು ನಿಮಿಷವಾಗಿರಲಿಲ್ಲ, ಇಬ್ಬರು ಬೈಕಿನಲ್ಲಿ ಬಂದು ನಿಂತರು. "ಮೇಡಂ, ಎಲ್ಲಿಗೆ? ಬಿಡ್ತೀವಿ" ಅಂದರು. ಒಳ್ಳೆಯವರೇ ಇದ್ದಿರಬಹುದು. ಬೇಡ ಅಂದೆ. ಅವರು ಹೋಗಲಿಲ್ಲ, ಅಲ್ಲೇ ನಿಂತು ಮಾತಾಡುತ್ತಿದ್ದರು. ಸ್ವಲ್ಪ ದೂರದಲ್ಲಿ ಟೆಂಪೊದಿಂದ ಹೂವಿನ ಬುಟ್ಟಿ ಇಳಿಸುತ್ತಿದ್ದ ಒಬ್ಬ ಹೆಂಗಸು ಕಂಡಳು. ಸೂಟ್‌ಕೇಸು ಎಳೆದುಕೊಂಡು ನೇರ ಅವಳ ಹತ್ತಿರ ಹೋಗಿ, ನನಗೆ ಬರುವ ಮರಾಠಿಯಲ್ಲಿ, "ಮಾವಶಿ, ಬೆಳಕಾಗೋವರೆಗೂ ನಿನ್ನ ಹತ್ತಿರ ಕೂತಿರಲೇ?" ಎಂದೆ. ಅವಳು ಏನೂ ಕೇಳಲಿಲ್ಲ. ಒಂದು ಖಾಲಿ ಬುಟ್ಟಿ ಬೋರಲು ಹಾಕಿ, ಕೂತುಕೋ ಎಂದಳು. ಬೈಕಿನವರು ಹೋದರು. ಒಂದೂವರೆ ಗಂಟೆ ಅವಳ ಜೊತೆ ಚೆಂಡುಹೂ ಬಿಡಿಸುತ್ತ ಕೂತೆ. ರೊಟ್ಟಿಯ ಗಂಟು ಹಗುರಾಯಿತು.

ಆ ಹೆಂಗಸೂ ಅಪರಿಚಿತಳೇ, ಬೈಕಿನವರೂ ಅಪರಿಚಿತರೇ. ವ್ಯತ್ಯಾಸ ಇಷ್ಟೇ: ಅವಳನ್ನು ಆರಿಸಿದ್ದು ನಾನು, ಬೈಕಿನವರು ನನ್ನನ್ನು ಆರಿಸಿದ್ದರು. ಕೆಟ್ಟವರು ಲೋಕದಲ್ಲಿ ಕಡಿಮೆಯೇ. ಕಣ್ಣು ಮುಚ್ಚಿ ಹತ್ತು ಜನರಲ್ಲಿ ಒಬ್ಬರನ್ನು ಮುಟ್ಟಿದರೆ ಒಳ್ಳೆಯವರೇ ಸಿಗುವುದು ಹೆಚ್ಚು. ಆದರೆ ನಸುಕಿನಲ್ಲಿ ಒಂಟಿ ಹೆಣ್ಣನ್ನು ತಾನಾಗಿ ಹುಡುಕಿಕೊಂಡು ಬಂದು, ಬೇಡ ಎಂದ ಮೇಲೂ ನಿಲ್ಲುವವರ ಲೆಕ್ಕ ಬೇರೆ. ಫಲಟಣದ ಬಸ್ಸು ಎಲ್ಲಿ ಎಂದು ಆ ಹುಡುಗಿ ಯಾರನ್ನೂ ಕೇಳಿರಲಿಲ್ಲ. ಕೇಳದೆ ಬಂದ ಉತ್ತರ ಅದು.

ಹಾಗಾಗಿ ಅಕ್ಕನ ಮಗಳಿಗೆ ಹೇಳಿದ ಮಾತನ್ನು ಹೀಗೆ ತಿದ್ದಿಕೊಂಡಿದ್ದೇನೆ: ಮಾತಾಡು, ಆದರೆ ಮೊದಲು ನೀನು ಮಾತಾಡಿಸು. ಸಹಾಯ ಬೇಕಾದರೆ ನೀನೇ ಹೋಗಿ ಕೇಳು. ಅಂಗಡಿ ಇಟ್ಟುಕೊಂಡು ಆ ಜಾಗ ಬಿಟ್ಟು ಕದಲದವರನ್ನು, ಮಕ್ಕಳ ಜೊತೆ ಕೂತವರನ್ನು, ಕಿಟಕಿಯ ಹಿಂದೆ ಕೂತು ಸಂಬಳ ಪಡೆಯುವವರನ್ನು ಕೇಳು. ಯಾರಾದರೂ ತಾನಾಗಿ ಬಂದು ದಾರಿ ಹೇಳಿದರೆ, ಧನ್ಯವಾದ ಹೇಳಿ ಇನ್ನೊಬ್ಬರನ್ನು ಕೇಳು. ನಿಜ ಹೇಳಿದವನಿಗೆ ಇದರಿಂದ ಏನೂ ನಷ್ಟವಿಲ್ಲ. ಜನ ಇರುವ ಜಾಗದಿಂದ ಜನ ಇಲ್ಲದ ಜಾಗಕ್ಕೆ ಯಾರು ಕರೆದರೂ, ಎಷ್ಟೇ ಅಕ್ಕ ತಂಗಿ ಅಂದರೂ, ಹೋಗಬೇಡ. ಬಸ್ಸು ತಪ್ಪಿದರೆ ತಪ್ಪಲಿ.

ಇಷ್ಟು ಬರೆದ ಮೇಲೂ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಆ ಹುಡುಗಿ ಇದನ್ನೆಲ್ಲ ಮಾಡಲಿಲ್ಲ, ಅದಕ್ಕೇ ಹಾಗಾಯಿತು ಎಂದು ಯಾರಾದರೂ ಓದಿಕೊಂಡರೆ ನಾನು ಬರೆದದ್ದು ವ್ಯರ್ಥ. ಅವಳು ಅನುಮಾನಪಟ್ಟಳು, ಎದುರು ಮಾತಾಡಿದಳು, ಕತ್ತಲೆ ಯಾಕೆ ಎಂದು ಕೇಳಿದಳು. ಒಬ್ಬ ಪ್ರಯಾಣಿಕಳು ಮಾಡಬೇಕಾದ್ದನ್ನೆಲ್ಲ ಮಾಡಿದಳು. ಮಾಡಬೇಕಾದ್ದನ್ನು ಮಾಡದಿದ್ದದ್ದು ನಿಲ್ದಾಣ. ಯಾವ ಬಸ್ಸು ಯಾವ ಫಲಾಟಿಗೆ ಬರುತ್ತದೆ ಎಂದು ಮೈಕಿನಲ್ಲಿ ನಂಬುವಂಥ ದನಿಯೊಂದು ಹೇಳುತ್ತಿದ್ದರೆ, ನಿಂತ ಬಸ್ಸಿಗೆ ಬೀಗ ಬಿದ್ದಿದ್ದರೆ, ಆ ಮೂಲೆಗೆ ಒಂದು ದೀಪವಿದ್ದರೆ ಆ ಮನುಷ್ಯನ ಸುಳ್ಳಿಗೆ ಜಾಗವೇ ಇರುತ್ತಿರಲಿಲ್ಲ. ಘಟನೆಯ ನಂತರ ನಿಲ್ದಾಣದ 23 ಭದ್ರತಾ ಸಿಬ್ಬಂದಿಯನ್ನು ಬದಲಿಸಲು ಸಾರಿಗೆ ಸಚಿವರು ಆದೇಶಿಸಿದರು. ಅಂದರೆ ಕಾವಲಿಗೆ ಜನ ಇದ್ದರು, ಕಾವಲು ಇರಲಿಲ್ಲ.

*

ಒಬ್ಬಳೇ ಹೋಗಬೇಡ ಎಂಬುದು ಇನ್ನೊಂದು ಸಲಹೆ. 2025ರ ಜೂನ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಭಾರತಕ್ಕೆ ಬರುವ ತನ್ನ ನಾಗರಿಕರಿಗೆ ಕೊಟ್ಟ ಸೂಚನೆಯಲ್ಲೂ ಅದೇ ಇತ್ತು: ಒಂಟಿಯಾಗಿ ಪ್ರಯಾಣಿಸಬೇಡಿ, ಅದರಲ್ಲೂ ನೀವು ಮಹಿಳೆಯಾಗಿದ್ದರೆ. ನಮ್ಮವರು ಅದನ್ನು ಓದಿ ದೇಶಕ್ಕೆ ಅವಮಾನವಾಯಿತು ಎಂದು ಸಿಟ್ಟಾದರು. ನನಗೆ ನಗು ಬಂತು. ಅದು ನಾನು ಅಕ್ಕನ ಮಗಳಿಗೆ ಒಪ್ಪಿಸಿದ ಪಟ್ಟಿಯೇ, ಇಂಗ್ಲಿಷಿನಲ್ಲಿ.

ಆದರೆ ಸ್ವಾರ್ಗೇಟಿನ ಘಟನೆಯಾಗಿ ಹತ್ತು ದಿನವೂ ಆಗಿರಲಿಲ್ಲ, ಮಾರ್ಚ್ 6ರ ರಾತ್ರಿ, ನಮ್ಮದೇ ಕೊಪ್ಪಳ ಜಿಲ್ಲೆಯ ಸಾಣಾಪುರದ ಬಳಿ, ತುಂಗಭದ್ರಾ ಎಡದಂಡೆ ಕಾಲುವೆಯ ದಂಡೆಯ ಮೇಲೆ ನಕ್ಷತ್ರ ನೋಡುತ್ತ ಕೂತಿದ್ದವರು ಒಂಟಿಯಾಗಿರಲಿಲ್ಲ. ಅವರು ಐದು ಜನ. ಇಸ್ರೇಲಿನಿಂದ ಬಂದ ಹೆಣ್ಣುಮಗಳು, ಅವರನ್ನು ಕರೆದೊಯ್ದಿದ್ದ ಹೋಮ್‌ಸ್ಟೇ ನಡೆಸುವ ಮಹಿಳೆ, ಅಮೆರಿಕ, ಮಹಾರಾಷ್ಟ್ರ, ಒಡಿಶಾಗಳ ಮೂವರು ಗಂಡಸರು. ಬೈಕಿನಲ್ಲಿ ಬಂದ ಮೂವರು ಪೆಟ್ರೋಲ್ ಎಲ್ಲಿ ಸಿಗುತ್ತದೆ ಎಂದು ಕೇಳಿದರು, ನಂತರ ನೂರು ರೂಪಾಯಿ ಕೇಳಿದರು, ಕೊನೆಗೆ ಗಂಡಸರನ್ನು ಕಾಲುವೆಗೆ ತಳ್ಳಿ ಇಬ್ಬರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು ಎಂಬುದು ಪ್ರಕರಣ. ಒಡಿಶಾದ ಯುವಕ ಬದುಕಿ ಬರಲಿಲ್ಲ. ಜೊತೆಗಾರರಿದ್ದರು, ಗಂಡಸರಿದ್ದರು, ಊರು ಬಲ್ಲವರೂ ಇದ್ದರು. ಇಲ್ಲದಿದ್ದದ್ದು ಬೆಳಕು, ಮತ್ತು ಓಡಾಡುವ ಇತರ ಜನ.

ಇಲ್ಲಿ ನಮ್ಮ ಕೊಂಢವಾದ ಮಾತು ಹೇಳಲೇಬೇಕು. ಪುಣೆಯ ಬೇರೆ ಭಾಗದವರಿಗೆ ಕೊಂಢವಾ ಎಂದರೆ ಹುಬ್ಬು ಮೇಲೇರುತ್ತದೆ. ಮುಸ್ಲಿಮರು ಹೆಚ್ಚಿರುವ ಬಡಾವಣೆ. "ಅಲ್ಲಿ ಸೇಫಾ?" ಎಂದು ರಿಕ್ಷಾದವರಿಂದ ಹಿಡಿದು ಕನ್ನಡ ಸಂಘದಲ್ಲಿ ಸಿಗುವ ಹಿರಿಯರವರೆಗೆ ಎಲ್ಲರೂ ಕೇಳಿದ್ದಾರೆ. ಇಲ್ಲಿ ಓದಲು ಬಂದ ವಿದೇಶಿ ವಿದ್ಯಾರ್ಥಿಗಳೂ ಬಹಳ. ನಮ್ಮ ಕಟ್ಟಡದಲ್ಲೇ ಇದ್ದ ಸುಡಾನಿನ ಹುಡುಗಿಯೊಬ್ಬಳು ಲಿಫ್ಟಿನಲ್ಲಿ ಒಮ್ಮೆ ಹೇಳಿದಳು, ತನ್ನ ತಾಯಿ ದಿನಾ ರಾತ್ರಿ ಫೋನ್ ಮಾಡಿ ಬಾಗಿಲು ಹಾಕಿದೆಯಾ ಎಂದು ಕೇಳುತ್ತಾಳಂತೆ, ಭಾರತದ ಗಂಡಸರ ಬಗ್ಗೆ ಏನೇನೋ ಕೇಳಿದ್ದಾಳಂತೆ. ಅವಳ ತಾಯಿಯ ಪಟ್ಟಿಯಲ್ಲಿ ಭಾರತ, ಪುಣೆಯವರ ಪಟ್ಟಿಯಲ್ಲಿ ಕೊಂಢವಾ, ನನ್ನ ಪಟ್ಟಿಯಲ್ಲಿ ಸ್ವಾರ್ಗೇಟಿನ ಮರಾಠಿ ಮಾತು. ಪ್ರತಿಯೊಬ್ಬರೂ ತಮಗೆ ಗೊತ್ತಿಲ್ಲದವರ ಹೆಸರನ್ನು ಅಪಾಯದ ಖಾನೆಯಲ್ಲಿ ಬರೆದಿಟ್ಟಿರುತ್ತೇವೆ.

ನಾನು ಕಂಡ ಕೊಂಢವಾ ಬೇರೆ. ಜ್ಯೋತಿ ಚೌಕದ ಸುತ್ತ ರಾತ್ರಿ ಹನ್ನೊಂದಕ್ಕೂ ಅಂಗಡಿ ತೆರೆದಿರುತ್ತವೆ. ರಂಜಾನ್ ತಿಂಗಳಲ್ಲಿ ಕೌಸರ್ ಬಾಗಿನ ಬೀದಿಯಲ್ಲಿ ಮಧ್ಯರಾತ್ರಿಯವರೆಗೂ ಅಜ್ಜಿಯರು, ಸೊಸೆಯರು, ಮಕ್ಕಳ ಗಾಡಿ ತಳ್ಳುವ ತಾಯಂದಿರು ತಿನ್ನುತ್ತ ತಿರುಗಾಡುತ್ತಾರೆ. ಹದಿನಾಲ್ಕು ವರ್ಷದಲ್ಲಿ ನಾನು ಅತ್ಯಂತ ನಿಶ್ಚಿಂತೆಯಿಂದ ರಾತ್ರಿ ನಡೆದದ್ದು ಆ ಬೀದಿಯಲ್ಲಿ. ಬಿಳಿ ಗೇಟು, ಕಾವಲುಗಾರ, ಕ್ಯಾಮೆರಾ ಎಲ್ಲ ಇರುವ ದೊಡ್ಡ ಸೊಸೈಟಿಗಳ ಹಿಂದಿನ ರಸ್ತೆ ಒಂಬತ್ತಕ್ಕೇ ಬಿಕೋ ಎನ್ನುತ್ತದೆ, ಅಲ್ಲಿ ಹೆಜ್ಜೆ ಬೇಗ ಬೇಗ ಹಾಕುತ್ತೇನೆ. ಬೀದಿಯನ್ನು ಕಾಯುವುದು ಬೀದಿಯಲ್ಲಿರುವ ಜನರ ಕಣ್ಣುಗಳು ಎಂದು ಜೇನ್ ಜೇಕಬ್ಸ್ ಎಂಬ ಲೇಖಕಿ 1961ರಲ್ಲೇ ಅಮೆರಿಕದ ನಗರಗಳ ಬಗ್ಗೆ ಬರೆದಳು. ನಮ್ಮ ಕೌಸರ್ ಬಾಗಿನ ಕಬಾಬಿನವನಿಗೆ ಅದು ಓದದೇ ಗೊತ್ತು.

ಬಸ್ಸಿಗೂ ಇದೇ ಮಾತು. 2023ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ತನ್ನ ಬಸ್ಸುಗಳಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ ಮಾಡಿತು. ಅದೇ ಜೂನ್‌ನಲ್ಲಿ ಕರ್ನಾಟಕ ಶಕ್ತಿ ಯೋಜನೆ ತಂದು ರಾಜ್ಯದೊಳಗೆ ಟಿಕೆಟ್ಟನ್ನೇ ತೆಗೆಯಿತು. ಇದರ ಖರ್ಚಿನ ಬಗ್ಗೆ ವಾದಗಳಿವೆ, ಇರಲಿ. ಆದರೆ ರಾತ್ರಿ ಒಂಬತ್ತರ ಬಸ್ಸಿನಲ್ಲಿ ಮೂರು ಹೆಂಗಸರ ಬದಲು ಮೂವತ್ತು ಹೆಂಗಸರು ಇದ್ದರೆ ಆ ಬಸ್ಸು ಬೇರೆಯೇ ಜಾಗವಾಗುತ್ತದೆ ಎಂಬುದನ್ನು ಧಾರವಾಡ-ಹುಬ್ಬಳ್ಳಿ ನಡುವೆ ಓಡಾಡಿದ ಯಾವ ಹುಡುಗಿಯಾದರೂ ಹೇಳುತ್ತಾಳೆ. ಹೆಂಗಸರನ್ನು ಮನೆಯಲ್ಲಿ ಕೂರಿಸಿದಷ್ಟೂ, ಹೊರಬಿದ್ದವಳು ಒಂಟಿಯಾಗುತ್ತಾಳೆ. ನಮ್ಮಕ್ಕ 'ಬ್ಯಾಡ' ಅಂದಾಗ ತನ್ನ ಮಗಳನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದಳು. ಜೊತೆಗೆ ಇನ್ನೊಬ್ಬಳ ಮಗಳ ಪಕ್ಕದ ಸೀಟನ್ನೂ ಖಾಲಿ ಮಾಡುತ್ತಿದ್ದಳು.

*

ಇಷ್ಟೆಲ್ಲ ಹೇಳಿ, ನನ್ನ ಪಟ್ಟಿಯಲ್ಲಿ ಇಲ್ಲದೇ ಹೋದ ಒಂದು ಸಂಗತಿಗೆ ಬರುತ್ತೇನೆ. ನನ್ನ ದೊಡ್ಡ ತಪ್ಪು ಅದು.

ಈ ದೇಶದಲ್ಲಿ ಪ್ರಯಾಣಿಕರನ್ನು ಕೊಲ್ಲುವುದು ಕಳ್ಳರಲ್ಲ, ಭಾಷೆಯ ಜಗಳವಲ್ಲ, ಬಿಸ್ಕತ್ತಿನಲ್ಲಿ ಬೆರೆಸಿದ ಮದ್ದೂ ಅಲ್ಲ. ರಸ್ತೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491. ದಿನಕ್ಕೆ 460ಕ್ಕೂ ಹೆಚ್ಚು. ಅದರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರೇ 50,029. ಸೀಟ್ ಬೆಲ್ಟ್ ಹಾಕದೆ ಸತ್ತವರು 16,715.

ಕೊಂಢವಾದಲ್ಲಿ ನನಗೆ ನಿಜವಾಗಿ ಹೆದರಿಕೆಯಾಗುವುದು ಖಡಿ ಮಶೀನ್ ಚೌಕದಲ್ಲಿ ಸ್ಕೂಟರ್ ಮೇಲೆ ಇರುವಾಗ. ಎರಡು ಲಾರಿಗಳ ನಡುವೆ ಸಿಕ್ಕಿಕೊಂಡರೆ ಯಾವ ಸಲಹೆಯೂ ಕೆಲಸಕ್ಕೆ ಬರುವುದಿಲ್ಲ. ಕಾತ್ರಜ್-ಕೊಂಢವಾ ರಸ್ತೆ ಅಗಲ ಮಾಡುವ ಕೆಲಸ 2018ರಲ್ಲಿ ಶುರುವಾಯಿತು. ಜಾಗ ಸಿಗಲಿಲ್ಲವೆಂದು 84 ಮೀಟರಿನ ಯೋಜನೆ 50 ಮೀಟರಿಗೆ ಇಳಿಯಿತು, ವರ್ಷಗಟ್ಟಲೆ ಎಳೆಯಿತು, ಅಷ್ಟರಲ್ಲಿ ಎಷ್ಟೋ ಜೀವ ಹೋದವು. ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ 2022ರ ನವೆಂಬರ್‌ನಲ್ಲಿ ಒಂದು ಟ್ಯಾಂಕರ್ ಸಾಲು ಸಾಲು ಗಾಡಿಗಳನ್ನು ಗುದ್ದಿತು. 2025ರ ನವೆಂಬರ್ 13ರಂದು ಅಲ್ಲೇ ಎರಡು ಕಂಟೇನರ್ ಲಾರಿಗಳ ನಡುವೆ ಕಾರು ಸಿಕ್ಕಿ, ಬೆಂಕಿ ಹತ್ತಿ 8 ಜನ ತೀರಿಕೊಂಡರು. ಬೆಳಗಾವಿ, ಹುಬ್ಬಳ್ಳಿಯ ಬಸ್ಸುಗಳೆಲ್ಲ ಇಳಿದುಬರುವುದು ಇದೇ ಇಳಿಜಾರನ್ನು.

ಇನ್ನು ನಮ್ಮ ಪ್ರೀತಿಯ ಸ್ಲೀಪರ್ ಬಸ್ಸು. ರಾತ್ರಿ ಹತ್ತಿ ಮಲಗಿದರೆ ಬೆಳಗ್ಗೆ ಊರು ಎಂಬ ಅನುಕೂಲ ಯಾರಿಗೆ ಬೇಡ! 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸಿಗೆ ಮೆಹಬೂಬ್‌ನಗರ ಜಿಲ್ಲೆಯಲ್ಲಿ ಬೆಂಕಿ ಬಿದ್ದು 45 ಜನ ಸುಟ್ಟುಹೋದರು. ಹದಿನೈದು ದಿನದಲ್ಲಿ, ನಮ್ಮ ಹಾವೇರಿಯ ಬಳಿ, ಮುಂಬೈಗೆ ಹೊರಟ ಬಸ್ಸಿನಲ್ಲಿ 7 ಜನ. 2023ರ ಜುಲೈ 1ರಂದು ನಾಗಪುರದಿಂದ ಪುಣೆಗೆ ಬರುತ್ತಿದ್ದ ಬಸ್ಸು ಬುಲ್ಢಾಣಾ ಜಿಲ್ಲೆಯ ಸಮೃದ್ಧಿ ಹೆದ್ದಾರಿಯಲ್ಲಿ ಬಾಗಿಲಿದ್ದ ಬದಿಗೇ ಉರುಳಿತು. ಬಾಗಿಲು ನೆಲಕ್ಕೆ ಒತ್ತಿಕೊಂಡು 25 ಜನ ಒಳಗೇ ಉಳಿದರು. ಬದುಕಿದವರಲ್ಲಿ ಕೆಲವರು ಕಿಟಕಿ ಒಡೆದು ಹೊರಬಂದವರು. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ರಸ್ತೆಯಲ್ಲಿ ಬಿದ್ದಿದ್ದ ಬೈಕಿನ ಮೇಲೆ ಹೋಯಿತು. ಬೈಕಿನವನೂ ಸೇರಿ 20 ಜನ. ಊರು, ವರ್ಷ ಬೇರೆ ಬೇರೆ. ಆದರೆ ಪ್ರತಿ ಸಲವೂ ರಾತ್ರಿಯ ಹೊತ್ತು, ನಿದ್ದೆಯಲ್ಲಿರುವ ಜನ, ಇಕ್ಕಟ್ಟಾದ ನಡುದಾರಿ, ತೆರೆಯದ ಬಾಗಿಲು.

ಚೀನಾದಲ್ಲೂ ಇಂಥ ಬಸ್ಸುಗಳಿದ್ದವು. ಸಾವುಗಳು ಹೆಚ್ಚಾದ ಮೇಲೆ 2012ರಲ್ಲಿ ಅವರು ಹೊಸ ಸ್ಲೀಪರ್ ಬಸ್ಸು ತಯಾರಿಸುವುದನ್ನೇ ನಿಲ್ಲಿಸಿದರು. ನಾವು ಒಂದೊಂದು ಬೆಂಕಿಯ ನಂತರ ಒಂದು ವಾರ ತಪಾಸಣೆ ಮಾಡುತ್ತೇವೆ. ಸಂಪೂರ್ಣ ನಿಲ್ಲಿಸಿ ಎಂದು ನಾನು ಹೇಳಲಾರೆ. ಊರಿಗೆ ಹೋಗಲು ಅದೊಂದೇ ಗತಿಯಾದ ಜನ ಬಹಳ ಇದ್ದಾರೆ. ಆದರೆ ಪರ್ಮಿಟ್ ಕೊಡುವವರು ಬಾಗಿಲು, ತುರ್ತು ಕಿಟಕಿ, ಎರಡನೇ ಚಾಲಕ ಇವನ್ನು ಕಾಗದದ ಮೇಲಲ್ಲ, ಬಸ್ಸು ಹತ್ತಿ ನೋಡಬೇಕು ಎಂದು ಕೇಳುವುದು ಹೆಚ್ಚಿನ ಮಾತೇನಲ್ಲ.

ಅಲ್ಲಿಯವರೆಗೆ ನಾನು ಮಾಡುವುದನ್ನು ಹೇಳುತ್ತೇನೆ. ರೈಲು ಸಿಕ್ಕರೆ ರೈಲು. 2024ರ ಸೆಪ್ಟೆಂಬರಿನಿಂದ ಪುಣೆ-ಹುಬ್ಬಳ್ಳಿ ವಂದೇ ಭಾರತ್ ಕೂಡ ವಾರಕ್ಕೆ ಮೂರು ದಿನ ಓಡುತ್ತಿದೆ. ಬಸ್ಸೇ ಆದರೆ, ಹತ್ತಿದ ತಕ್ಷಣ ಮಲಗುವುದಿಲ್ಲ. ತುರ್ತು ದ್ವಾರ ಎಲ್ಲಿದೆ, ಅದರ ಮುಂದೆ ಗಂಟುಮೂಟೆ ಪೇರಿಸಿದ್ದಾರೆಯೇ, ಗಾಜು ಒಡೆಯುವ ಸುತ್ತಿಗೆ ಜಾಗದಲ್ಲಿದೆಯೇ ಎಂದು ನೋಡುತ್ತೇನೆ. ಇಲ್ಲದಿದ್ದರೆ ಕೇಳುತ್ತೇನೆ. ಮೊದಲ ಸಲ ಕೇಳಿದಾಗ ಕ್ಲೀನರ್ ಹುಡುಗ ನನ್ನನ್ನು ಹುಚ್ಚಿ ಎಂಬಂತೆ ನೋಡಿದ. ನನ್ನ ಬರ್ತಿನಿಂದ ದ್ವಾರಕ್ಕೆ ಎಷ್ಟು ಬರ್ತು ಎಂದು ಎಣಿಸಿಕೊಳ್ಳುತ್ತೇನೆ, ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ, ಕೈಗೆ ಲೆಕ್ಕ ಗೊತ್ತಿರಬೇಕು. ಚಪ್ಪಲಿ ಕೈಗೆಟುಕುವಂತೆ ಇಡುತ್ತೇನೆ. ಬಸ್ಸಿನ ನಂಬರು ಮನೆಗೆ ಕಳಿಸುತ್ತೇನೆ. ಇಷ್ಟಕ್ಕೆ ಐದು ನಿಮಿಷ ಬೇಕು. ಜೀವ ಉಳಿದೀತೆಂಬ ಖಾತ್ರಿಯಿಲ್ಲ, ಆದರೆ ಬಂಗಾರದ ಸರ ಬಿಚ್ಚಿಡುವುದಕ್ಕಿಂತ ಇದು ಮುಖ್ಯ.

*

ಪ್ರಯಾಣಿಕರು ಅಂದಾಗ ನಮಗೆ ಸೂಟ್‌ಕೇಸು ಹಿಡಿದವರೇ ನೆನಪಾಗುತ್ತಾರೆ. 2019ರ ಜೂನ್ 29ರ ರಾತ್ರಿ, ಇದೇ ಕೊಂಢವಾದಲ್ಲಿ, ಮಳೆಗೆ ಒಂದು ಸೊಸೈಟಿಯ ಕಂಪೌಂಡ್ ಗೋಡೆ ಪಕ್ಕದ ತಗಡಿನ ಜೋಪಡಿಗಳ ಮೇಲೆ ಕುಸಿಯಿತು. ಒಳಗೆ ಮಲಗಿದ್ದ 15 ಮಂದಿ ಸತ್ತರು, ಮಕ್ಕಳೂ ಇದ್ದರು. ಹೆಚ್ಚಿನವರು ಬಿಹಾರದಿಂದ ಕಟ್ಟಡದ ಕೆಲಸಕ್ಕೆ ಬಂದವರು. ಯಾದಗಿರಿ, ಕಲಬುರಗಿ, ವಿಜಯಪುರದಿಂದ ಬಂದು ಈ ಊರಿನ ಕಟ್ಟಡಗಳನ್ನು ಕಟ್ಟುವ ನಮ್ಮವರೂ ಇಂಥದೇ ತಗಡಿನ ಕೆಳಗೆ ಮಲಗುತ್ತಾರೆ. ಅವರಿಗೆ ಯಾವ ದೇಶವೂ ಪ್ರಯಾಣದ ಸೂಚನೆ ಹೊರಡಿಸುವುದಿಲ್ಲ. ಹೊರಡಿಸಿದರೂ ಅವರು ಏನು ಮಾಡಬಹುದಿತ್ತು? ಗೋಡೆಯನ್ನು ನಂಬಬೇಡ ಎಂದೇ? ಜಾಗ್ರತೆಯ ಸಲಹೆ ಆಯ್ಕೆ ಇರುವವರಿಗೆ ಮಾತ್ರ. ಉಳಿದವರಿಗೆ ಬೇಕಾದದ್ದು ಗಟ್ಟಿಯಾದ ಗೋಡೆ.

ಅದಕ್ಕೇ ನನಗೆ ಅನ್ನಿಸುವುದು, ಸುರಕ್ಷತೆ ಎಂಬುದನ್ನು ಪ್ರಯಾಣಿಕರ ಗುಣವೆಂದು ನಾವು ತಿಳಿದಿದ್ದೇವೆ. ಹುಷಾರಿ ಇರುವವಳು ಸುರಕ್ಷಿತಳು, ಇಲ್ಲದವಳು ಅಲ್ಲ ಎಂದು. ಆದರೆ ಅದು ಜಾಗದ ಗುಣ. ರಾತ್ರಿಯಿಡೀ ತೆರೆದಿರುವ ವಿಚಾರಣೆಯ ಕಿಟಕಿ, ಉರಿಯುವ ದೀಪ, ತೆರೆಯುವ ಬಾಗಿಲು ಇವೆಲ್ಲ ಇದ್ದಲ್ಲಿ ಪೆದ್ದಿಯೂ ಊರು ಮುಟ್ಟುತ್ತಾಳೆ. ಮುಟ್ಟಬೇಕು.

ಇದರಲ್ಲಿ ನಮ್ಮ ಪಾಲೂ ಇದೆ. ನಸುಕಿನಲ್ಲಿ ನೀವು ಯಾವುದೋ ನಿಲ್ದಾಣದಲ್ಲಿ ಕೂತಿದ್ದೀರಿ, ಒಬ್ಬಳನ್ನು ಯಾರೋ ಕತ್ತಲೆಯ ಕಡೆ ಕರೆದುಕೊಂಡು ಹೋಗುತ್ತಿದ್ದಾರೆ ಅನ್ನಿಸಿದರೆ, "ಯಾವ ಬಸ್ಸಮ್ಮಾ? ಅದು ಇಲ್ಲೇ ಬರ್ತದಲ್ಲ" ಎಂದು ಕೇಳುವುದಕ್ಕೆ ಕಾಸು ಖರ್ಚಿಲ್ಲ. ತಪ್ಪಾಗಿದ್ದರೆ ಒಂದು ಕ್ಷಣದ ಮುಜುಗರ. ಅನುಮಾನ ಗಟ್ಟಿಯಾದರೆ 112. ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಒಯ್ದರೆ ಕೋರ್ಟು ಕಚೇರಿ ಸುತ್ತಬೇಕೆಂಬ ಹಳೆಯ ಹೆದರಿಕೆಗೂ ಈಗ ಆಧಾರವಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟು ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿತು, ಕರ್ನಾಟಕ ಅದಕ್ಕೆ ತನ್ನದೇ ಕಾನೂನು ಮಾಡಿತು, 2019ರ ತಿದ್ದುಪಡಿಯಲ್ಲಿ ಅದು ಮೋಟಾರು ವಾಹನ ಕಾಯ್ದೆಗೂ ಸೇರಿತು. ಆ ಹೂವಿನ ಹೆಂಗಸಿಗೆ ಯಾವ ಕಾಯ್ದೆಯೂ ಗೊತ್ತಿರಲಿಲ್ಲ. ಅವಳು ಬುಟ್ಟಿ ಬೋರಲು ಹಾಕಿದಳು, ಅಷ್ಟೇ.

ಅಕ್ಕನ ಮಗಳು ಬಂದಳು. ಶುಕ್ರವಾರವೆಲ್ಲ ಮಾತಾಡಿ ಅಕ್ಕನನ್ನು ಒಪ್ಪಿಸಿದೆವು. ಶನಿವಾರ ರಾತ್ರಿಯ ರೈಲು. ಭಾನುವಾರ ಬೆಳಗ್ಗೆ ನಾನು ಸ್ಟೇಷನ್ನಿಗೆ ಹೋದಾಗ ಅವಳು ಬೆಂಚಿನ ಮೇಲೆ ಯಾವುದೋ ಕುಟುಂಬದ ಜೊತೆ ಕೂತು ಅವರ ಮಗುವಿಗೆ ಬಾಳೆಹಣ್ಣು ಸುಲಿದುಕೊಡುತ್ತಿದ್ದಳು. ಗದಗಿನವರಂತೆ, ಮಿರಜಿನಿಂದ ಜೊತೆಗಿದ್ದರಂತೆ. "ನಾನs ಮೊದಲ ಮಾತಾಡಿಸಿದೆ ಮೌಶಿ" ಅಂದಳು.

ಸೋಮವಾರ ಇಂಟರ್‌ವ್ಯೂ ಮುಗಿಸಿ ಬಂದ ಮೇಲೆ ರಾತ್ರಿ ಹತ್ತೂವರೆಗೆ ಕೌಸರ್ ಬಾಗಿಗೆ ಕರೆದುಕೊಂಡು ಹೋದೆ. ರಂಜಾನ್ ಆಗಷ್ಟೇ ಶುರುವಾಗಿತ್ತು. ಬೀದಿ ತುಂಬ ಜನ. ನಾವಿಬ್ಬರೂ ಫಿರ್ನಿಯ ಮಡಕೆ ಹಿಡಿದು, ಮೊದಲು ನಾನು ಹೇಳಿದ್ದನ್ನೆಲ್ಲ ಮರೆತು, ಧಾರವಾಡದ ಕನ್ನಡದಲ್ಲಿ ಜೋರಾಗಿ ಮಾತಾಡುತ್ತ ನಡೆದೆವು. ಯಾರೂ ತಿರುಗಿ ನೋಡಲಿಲ್ಲ.